ಸಾರಥಿಯ ಪ್ರಶ್ನೆ ತರಗತಿಗೆ ಬಂದ ದಾರಿ

ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟದಲ್ಲಿ ವೇಷಧಾರಿ ರಂಗಕ್ಕೆ ಬಂದ ಕೂಡಲೇ ತನ್ನ ಕಥೆ ಶುರು ಮಾಡುವುದಿಲ್ಲ. ಆಟ ನಡೆಸಿಕೊಡುವ ಸಾರಥಿ ಎದುರು ನಿಂತು ಕೇಳಬೇಕು: ತಾವು ಯಾರು, ಯಾವ ಪಟ್ಟಣ, ಈ ಸಭೆಗೆ ಬಂದ ಕಾರಣವೇನು? ಕೇಳಿದ ಮೇಲೆಯೇ ರಾಜ ರಾಜನಾಗುತ್ತಾನೆ. ಶಿಕ್ಷಣದಲ್ಲಿ ರಂಗಕಲೆ ಎಂದು ಇಂದು ತರಬೇತಿಗಳಲ್ಲಿ ಹೇಳಿಕೊಡುವುದರ ಜೀವಾಳವೂ ಇದೇ. ಪಾತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು. ಆದರೆ ಕಲಬುರಗಿ, ಯಾದಗಿರಿ ಕಡೆ ಊರ ಕಟ್ಟೆಯ ಮೇಲಿದ್ದ ಈ ಕ್ರಮ ಪಕ್ಕದ ಶಾಲೆಯೊಳಗೆ ಕಾಲಿಡಲು ಬಹಳ ದೂರ ಸುತ್ತಬೇಕಾಯಿತು.

1948ರವರೆಗೆ ಈ ಸೀಮೆ ನಿಜಾಮರ ಕೈಯಲ್ಲಿತ್ತು, ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ತರಗತಿಯಲ್ಲಿ ಉತ್ತರ ಕೊಡುವುದೇ ಕಷ್ಟವಾಗಿದ್ದಾಗ ಪ್ರಶ್ನೆ ಕೇಳುವ ಮಾತೆಲ್ಲಿ? 1956ರ ಏಕೀಕರಣದ ನಂತರ ಕನ್ನಡ ಶಾಲೆಗಳು ಹೆಚ್ಚಿದವು, ನಾಟಕವೂ ಬಂತು. ಬಂದದ್ದು ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಮಾತು ಬಾಯಿಪಾಠ, ಧೈರ್ಯವಿದ್ದ ಐದಾರು ಮಕ್ಕಳಿಗೆ ಪಾತ್ರ, ಉಳಿದವರಿಗೆ ಚಪ್ಪಾಳೆಯ ಕೆಲಸ.

1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗ ಸಂಘಟನೆಯ ಜಾಥಾಗಳು, ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಬೀದಿನಾಟಕಗಳು ರಂಗವನ್ನು ಊರಿನ ನಡುವೆ ತಂದು ನಿಲ್ಲಿಸಿದವು. ಆ ಕಲಾವಿದರ ಋಣ ದೊಡ್ಡದು. ಆದರೂ ಅಲ್ಲಿ ಪ್ರಶ್ನೆಯೂ ನಟರದು, ಉತ್ತರವೂ ನಟರದು.

ಆ ಹೊತ್ತಿಗೆ ಬೇರೆ ಕಡೆ ಇನ್ನೊಂದು ದಾರಿ ತೆರೆದಿತ್ತು. 1965ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್, ಶಾಲೆಗಳಿಗೆ ಹೋಗಿ ಮಕ್ಕಳನ್ನೂ ಕಥೆಯೊಳಗೆ ಸೇರಿಸಿಕೊಳ್ಳುವ ತಂಡ ಕಟ್ಟಿತು. 1973ರಲ್ಲಿ ಬ್ರೆಜಿಲ್‌ನ ರಂಗ ನಿರ್ದೇಶಕ ಅಗಸ್ಟೊ ಬೊಆಲ್ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದಾಗ, ನೋಡುತ್ತಿದ್ದ ಹೆಂಗಸೊಬ್ಬಳು ತಾನು ಹೇಳಿದ್ದನ್ನು ನಟರು ಸರಿಯಾಗಿ ಮಾಡುತ್ತಿಲ್ಲವೆಂದು ತಾನೇ ರಂಗ ಹತ್ತಿದಳು. ದೃಶ್ಯವನ್ನು ನಿಲ್ಲಿಸಿ ನೋಡುಗರೇ ಬದಲಿಸುವ ಫೋರಂ ರಂಗಭೂಮಿ ಅಲ್ಲಿಂದ ಬೆಳೆಯಿತು. ನಮ್ಮಲ್ಲಿ 1989ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಶಿಕ್ಷಣ ರಂಗಕ್ಕೆಂದೇ ತಂಡ ಮಾಡಿತು. ಅದೇ ವರ್ಷ ರಂಗ ನಿರ್ದೇಶಕ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣವೆಂಬ ನಾಟಕ ಸಂಸ್ಥೆ ಕಟ್ಟಿದರು. ಮುಂದೆ ಕಲಬುರಗಿಗೂ ಒಂದು ರಂಗಾಯಣ ಬಂತು.

ಇದು ತರಗತಿಯಲ್ಲಿ ಹೇಗಿರುತ್ತದೆ? ಏಳನೇ ತರಗತಿಗೆ ಶೇಕಡಾ ಲೆಕ್ಕ ಅನ್ನಿ. ಬೆಂಚು ಸರಿಸಿದರೆ ರೈತರ ಮಾಲು ಮಾರಿಸಿಕೊಡುವ ದಲಾಲರ ಅಡತಿ ಅಂಗಡಿ ತಯಾರು. ಟೀಚರೇ ಸಾವ್ಕಾರ. ಒಬ್ಬ ಹಮಾಲಿ, ಒಬ್ಬಳು ಲೆಕ್ಕ ಬರೆಯುವ ಮುನೀಮ, ಉಳಿದವರೆಲ್ಲ ತೊಗರಿ ತಂದ ರೈತರು. 50 ಕಿಲೋದ 18 ಚೀಲ. ಸಾವ್ಕಾರ ಚೀಲಕ್ಕೆ ಒಂದು ಕಿಲೋ ಕಡಿಯುತ್ತಾನೆ. "ನಿಂದರ್ರಿ!" ಅಂತ ಹಿಂದಿನ ಸಾಲಿನಿಂದ ಒಂದು ದನಿ. "ಒಂದ್ ಕಿಲೋ ಯಾಕ್ ಕಡಿದ್ರಿ ಸಾವ್ಕಾರ್ರ?" ಆಟ ಅಲ್ಲಿಗೆ ನಿಲ್ಲುತ್ತದೆ, ಲೆಕ್ಕ ಶುರುವಾಗುತ್ತದೆ. ನೂರಕ್ಕೆ ಎರಡು. ಕ್ವಿಂಟಲ್‌ಗೆ 7,000 ರೂಪಾಯಿ ಹಿಡಿದರೆ ಒಟ್ಟು ಹೋದದ್ದು 1,260. ಅಪ್ಪನ ತೊಗರಿ ದುಡ್ಡು ಎಲ್ಲಿ ಸೋರುತ್ತದೆ ಎಂದು ಕಂಡ ಮಗುವಿಗೆ ಶೇಕಡಾ ಮರೆಯುವುದು ಸುಲಭವಲ್ಲ.

ಕಾಗದದ ಮೇಲೆ ಇದಕ್ಕೆ ಅಡ್ಡಿಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಂಗಕಲೆಯನ್ನು ಕಲಿಕೆಯ ಭಾಗವೆಂದಿತು. 2020ರ ಶಿಕ್ಷಣ ನೀತಿಯೂ ಕಲೆಯ ಮೂಲಕ ಕಲಿಸಿ ಎನ್ನುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ಅರೆಕಾಲಿಕ ಕಲಾ ಬೋಧಕರನ್ನು ಹೇಳುವುದು ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ ಮಾತ್ರ. ಸಣ್ಣ ಹಳ್ಳಿ, ಸಣ್ಣ ತಾಂಡಾದ ಶಾಲೆ ಆ ಲೆಕ್ಕದಿಂದಲೇ ಹೊರಗೆ. ಮೇಲೆ ಪರೀಕ್ಷೆಯ ಭಯ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಶೇ 42.43ರಷ್ಟು ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಇಂಥ ಹೊತ್ತಲ್ಲಿ ನಾಟಕ ಏಕೆ, ಪೋರ್ಷನ್ ಮುಗಿಸಿ ಎನ್ನುವವರ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಬಾಯಿಪಾಠದ ದಾರಿಯಲ್ಲೇ ಅಲ್ಲವೇ ನಾವು ಇಲ್ಲಿಗೆ ಬಂದು ಮುಟ್ಟಿದ್ದು?

ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಪುಸ್ತಕ ತೆರೆದರೆ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರು ಸಾಲುಗಟ್ಟಿರುತ್ತದೆ. ಆ ವಿಷಯವನ್ನೇ ದೃಶ್ಯ ಮಾಡಿ ಊರವರ ಮುಂದೆ ಆಡಿಸಬಹುದು. ಹುಡುಗಿಯ ಕೈಯಿಂದ ಪಾಟಿಚೀಲ ಇಳಿಸಿ ಹತ್ತಿಚೀಲ ಕೊಡುವ ಅವ್ವ, ಸುಮ್ಮನೆ ನಿಂತ ಅಪ್ಪ. ಅಲ್ಲಿಗೆ ಆಟ ನಿಲ್ಲಿಸಿ, ಈ ಜಾಗದಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ ಎಂದು ಕೂತವರನ್ನು ಕೇಳಬೇಕು. ಸಾರಥಿಯ ಜಾಗದಲ್ಲಿ ನಿಂತು ಕೇಳುವವಳು ಆರನೇ ತರಗತಿಯ ಹುಡುಗಿ.