ಒಂದೇ ಸಿನಿಮಾ, ಒಂದು ಕಡೆ 8 ನಿಮಿಷ, ಇನ್ನೊಂದು ಕಡೆ 12: ಪೂರ್ತಿ ಯಾವುದು?

ಪ್ರಶ್ನೆ: 1903ರ ‘ದಿ ಗ್ರೇಟ್ ಟ್ರೈನ್ ರಾಬರಿ’ ಯೂಟ್ಯೂಬಿನಲ್ಲಿ ಒಂದೊಂದು ಕಡೆ ಒಂದೊಂದು ಉದ್ದ ಇದೆ. ಚಿಕ್ಕದರಲ್ಲಿ ದೃಶ್ಯ ಕತ್ತರಿಸಿದ್ದಾರೆಯೇ? ಜನ ಯಾಕೆ ಅಷ್ಟು ಗಡಿಬಿಡಿಯಲ್ಲಿ ನಡೆಯುತ್ತಾರೆ?

ಎರಡಕ್ಕೂ ಸಾಮಾನ್ಯವಾಗಿ ಕಾರಣ ಒಂದೇ: ಓಡಿಸಿದ ವೇಗ.

ಎಡಿಸನ್ ಕಂಪನಿಗೆ ಎಡ್ವಿನ್ ಎಸ್. ಪೋರ್ಟರ್ ತೆಗೆದ ಈ ಚಿತ್ರ ಮಾರಾಟವಾದದ್ದು ಅಡಿ ಲೆಕ್ಕದಲ್ಲಿ, 740 ಅಡಿ. 35 ಎಂ.ಎಂ. ಫಿಲ್ಮಿನ ಒಂದು ಅಡಿಗೆ 16 ಫ್ರೇಮ್ (ಬಿಡಿ ಚಿತ್ರ), ಒಟ್ಟು 11,840. ಸೆಕೆಂಡಿಗೆ 16 ಫ್ರೇಮ್ ಓಡಿಸಿದರೆ ಸೆಕೆಂಡಿಗೆ ಸರಿಯಾಗಿ ಒಂದು ಅಡಿ ಸರಿಯುತ್ತದೆ, 12 ನಿಮಿಷ 20 ಸೆಕೆಂಡ್ ಹಿಡಿಯುತ್ತದೆ. 18ಕ್ಕೆ ಸುಮಾರು 11 ನಿಮಿಷ. 24ಕ್ಕೆ 8 ನಿಮಿಷ 13 ಸೆಕೆಂಡ್. ಆಗ ಕ್ಯಾಮೆರಾ, ಪ್ರೊಜೆಕ್ಟರ್ ಎರಡರ ಹಿಡಿಯನ್ನೂ ಕೈಯಲ್ಲೇ ತಿರುಗಿಸುತ್ತಿದ್ದರು. 24 ಎಂಬುದು ಗಟ್ಟಿಯಾಗಿ ನಿಂತದ್ದು ಟಾಕಿ ಬಂದ ಮೇಲೆ, ಮಾತಿನ ಸ್ವರ ಏರುಪೇರಾಗಬಾರದೆಂದು. ಹಳೇ ರೀಲನ್ನು ಆ ವೇಗಕ್ಕೆ ಏರಿಸಿದರೆ ನಡೆಯುವವರೂ ಓಡುತ್ತಾರೆ.

ಸರಿಪಡಿಸುವುದು ಸುಲಭ. ಈಚಿನವರು ಸೇರಿಸಿದ ಶೀರ್ಷಿಕೆ, ಬರಹದ ಕಾರ್ಡುಗಳ ಹೊತ್ತನ್ನು ಕಳೆಯಿರಿ. ಮೂಲದಲ್ಲಿ ದೃಶ್ಯಗಳ ನಡುವೆ ಬರಹವೇ ಇಲ್ಲ. ಉಳಿದದ್ದು 8 ನಿಮಿಷದ ಆಸುಪಾಸಿದ್ದರೆ ಪ್ಲೇಬ್ಯಾಕ್ ವೇಗವನ್ನು 0.75ಕ್ಕೆ ಇಳಿಸಿ, ಸಾಲದಿದ್ದರೆ 0.7ಕ್ಕೆ. ಕಣ್ಣಳತೆಗೆ ನೃತ್ಯದ ದೃಶ್ಯ ಒಳ್ಳೆಯದು: ಕಾಲು ನೆಲಕ್ಕೆ ಬಿದ್ದು ಏಳುವುದು ಸಹಜ ಅನ್ನಿಸಿದಲ್ಲಿ ನಿಲ್ಲಿಸಿ. ಕೈ ಬೀಸಿ ಆಡುವ ಆ ಕಾಲದ ಅಭಿನಯ ಮಾತ್ರ ಎಷ್ಟು ನಿಧಾನಿಸಿದರೂ ಹಾಗೇ ಇರುತ್ತದೆ.

ವೇಗ ಸರಿಯಿದ್ದೂ ಚಿತ್ರ ತಡೆತಡೆದು ಸಾಗಿದರೆ, ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದಲ್ಲಿ ಇಂಗ್ಲಿಷಿನ ‘E’ ಕೀ ಒತ್ತುತ್ತ ಒಂದೊಂದೇ ಫ್ರೇಮ್ ನೋಡಿ. ಮೂರು ಒತ್ತಿಗೆ ಎರಡೇ ಚಿತ್ರ ಬದಲಾದರೆ, 16ನ್ನು 24 ಮಾಡಲು ಎರಡಕ್ಕೊಂದು ಫ್ರೇಮನ್ನು ಮರಳಿ ಅಚ್ಚು ಹಾಕಿದ್ದಾರೆ ಎಂದರ್ಥ. ಅಂಥದ್ದನ್ನು ಇನ್ನೂ ನಿಧಾನಿಸಬೇಡಿ, ಕೆಡುತ್ತದೆ.

ಕತ್ತರಿಯ ಅನುಮಾನವಿದ್ದರೆ ದೃಶ್ಯ ಎಣಿಸಿ: 14 ಇರಬೇಕು. ದರೋಡೆಕೋರ ಪ್ರೇಕ್ಷಕರತ್ತಲೇ ಗುಂಡು ಹಾರಿಸುವ ಕ್ಲೋಸಪ್ ಕೊನೆಯಲ್ಲಿ ಕಾಣದಿದ್ದರೆ ಮೊದಲಲ್ಲಿ ಹುಡುಕಿ. ಅದನ್ನು ಯಾವ ತುದಿಗಾದರೂ ಅಂಟಿಸಬಹುದೆಂದು ಕಂಪನಿಯ ಕ್ಯಾಟಲಾಗೇ ಹೇಳಿತ್ತು.

ಇನ್ನು ಎಂಜಿನ್ ಹಿಂದಿನ ಕಲ್ಲಿದ್ದಲ ಡಬ್ಬಿಯ ಮೇಲಿನ ಹೊಡೆದಾಟ. ಕೆಳಗೆ ಬಿದ್ದವನನ್ನು ಎತ್ತಿ ಎಸೆಯುವ ಮುಂಚೆ ಚಿತ್ರ ಥಟ್ಟನೆ ಜಿಗಿಯುತ್ತದೆ. ಫ್ರೇಮ್ ಕಳೆದುಹೋದದ್ದಲ್ಲ, ಅಲ್ಲಿ ಮನುಷ್ಯನ ಜಾಗಕ್ಕೆ ಬೊಂಬೆ ಬಂದಿದೆ. ನಿಲ್ಲಿಸಿ ನೋಡಿ, ಎಸೆದ ದೇಹದ ಕೈಕಾಲು ಬಟ್ಟೆಯ ಹಾಗೆ ಜೋಲುತ್ತವೆ.