ಕಡಲ ಬಂಡೆಯ ಮೇಲೆ ಗಾಳ: ಒಂದು ಲೈಫ್ ಜಾಕೆಟ್ ಕಡ್ಡಾಯವಾಗಲು ಹಿಡಿದ ಕಾಲ

ಸಿಡ್ನಿಯ ರ‍್ಯಾಂಡ್‌ವಿಕ್ ನಗರಸಭೆಯ ವ್ಯಾಪ್ತಿಯಲ್ಲಿ ಕಡಲಂಚಿನ ಬಂಡೆಯ ಮೇಲೆ ನಿಂತು ಗಾಳ ಹಾಕುವವರು ಲೈಫ್ ಜಾಕೆಟ್ ತೊಟ್ಟಿರಲೇಬೇಕು, ಇಲ್ಲದಿದ್ದರೆ 100 ಡಾಲರ್ ದಂಡ. ಅದೇ ನ್ಯೂ ಸೌತ್ ವೇಲ್ಸ್ ರಾಜ್ಯದ ಬೇರೊಂದು ಊರಿಗೆ ಹೋದರೆ ಬಂಡೆ ಅಷ್ಟೇ ಅಪಾಯಕಾರಿಯಾಗಿದ್ದರೂ ಈ ನಿಯಮ ಇಲ್ಲದಿರಬಹುದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಟ್ಟುನಿಟ್ಟು ಇರುವುದು ಕೆಲವೇ ಜಾಗಗಳಿಗೆ; ವಿಕ್ಟೋರಿಯಾದ ಪಟ್ಟಿಯೇ ಬೇರೆ. ರಜೆಯ ದಿನ ಗೆಳೆಯರೊಂದಿಗೆ ಗಾಳ ಹಿಡಿದು ಹೊರಡುವ ಹೊಸಬನಿಗೆ, ಅದರಲ್ಲೂ ಬೇರೆ ದೇಶದಿಂದ ಬಂದು ನೆಲೆಸಿದವನಿಗೆ, ಎಲ್ಲಿ ಯಾವ ನಿಯಮ, ಏಕೆ ಹಾಗೆ ಎಂದು ತಿಳಿಯುವುದು ಕಷ್ಟ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರೂ ಈ ಹೊಸಬರಲ್ಲಿ ಸೇರಿದ್ದಾರೆ. ಈ ಗೋಜಲು ಹೇಗೆ ಹುಟ್ಟಿತು ಎಂಬುದಕ್ಕೆ ಮೂವತ್ತು ವರ್ಷಗಳ ಹಿನ್ನೆಲೆ ಇದೆ.

ಮೊದಲು ಜಾಗದ ಸ್ವರೂಪ ಅರಿಯಬೇಕು. ಸಿಡ್ನಿಯ ಆಚೀಚೆ ಇರುವುದು ಮರಳುಗಲ್ಲಿನ ಕರಾವಳಿ. ಕಡಿದಾದ ಕಲ್ಲುಗೋಡೆಯ ಬುಡದಲ್ಲಿ, ಸಮುದ್ರದ ಮಟ್ಟಕ್ಕಿಂತ ತುಸುವೇ ಮೇಲೆ, ಮನೆಯ ಜಗಲಿಯಂತೆ ಸಪಾಟಾದ ಬಂಡೆ ಚಾಚಿಕೊಂಡಿರುತ್ತದೆ. ಅದರ ಅಂಚಿನಿಂದಾಚೆ ನೀರು ಒಮ್ಮೆಲೇ ಆಳ. ದೊಡ್ಡ ಮೀನುಗಳು ದಡದ ಇಷ್ಟು ಹತ್ತಿರ ಬರುವುದು ಆ ಆಳದಿಂದಾಗಿಯೇ. ದೋಣಿ ಬೇಡ, ಇಂಧನ ಬೇಡ. ಒಂದು ಗಾಳ, ಒಂದಿಷ್ಟು ಎರೆ ಇದ್ದರೆ ಸಾಕು. ಬಡವನಿಗೂ ಎಟಕುವ ಹವ್ಯಾಸವಿದು. ಯುರೋಪಿನವರು ಬರುವ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಈ ನೆಲದ ಮೂಲನಿವಾಸಿಗಳು ಇದೇ ಬಂಡೆಗಳಿಂದ ಈಟಿ ಹಿಡಿದು ಮೀನು ಹೊಡೆಯುತ್ತಿದ್ದರು. ಆಮೇಲೆ ಬಂದ ವಸಾಹತಿನವರು, ಎರಡನೇ ಮಹಾಯುದ್ಧದ ಬಳಿಕದ ವಾರಾಂತ್ಯದ ಹವ್ಯಾಸಿಗಳು, ಕಳೆದ ಕೆಲವು ದಶಕಗಳಲ್ಲಿ ಏಷ್ಯಾದಿಂದ ಬಂದ ವಲಸಿಗರು, ಎಲ್ಲರೂ ಅಲ್ಲೇ ನಿಂತರು.

ಸಾವು ಹೇಗೆ ಬರುತ್ತದೆ ಎಂಬುದರ ಬಗ್ಗೆ ತಪ್ಪು ಕಲ್ಪನೆ ಬಹಳ. ಬಿರುಗಾಳಿಯ ದಿನ ಬಹುತೇಕ ಯಾರೂ ಬಂಡೆಗೆ ಇಳಿಯುವುದಿಲ್ಲ. ಜನ ಸಾಯುವುದು ಬಹುಮಟ್ಟಿಗೆ ಆಕಾಶ ತಿಳಿಯಾಗಿರುವ, ಸಮುದ್ರ ಸುಮ್ಮನಿದೆ ಎನಿಸುವ ದಿನಗಳಲ್ಲಿ. ಎಲ್ಲೋ ದೂರದ ಸಾಗರದಲ್ಲಿ ಎದ್ದ ಗಾಳಿ ಹುಟ್ಟಿಸಿದ ಅಲೆಗಳು ದಿನಗಟ್ಟಲೆ ಸಾಗಿ ದಡ ಮುಟ್ಟುತ್ತವೆ. ಹವಾಮಾನ ವರದಿಯಲ್ಲಿ ‘ಅಲೆಯ ಎತ್ತರ 2 ಮೀಟರ್’ ಎಂದಿದ್ದರೆ ಎಲ್ಲ ಅಲೆಗಳೂ ಅಷ್ಟೇ ಎತ್ತರ ಎಂದು ಓದುಗ ತಿಳಿಯುತ್ತಾನೆ. ಆ ಅಂಕಿ ನಿಜಕ್ಕೂ ಹೇಳುವುದು ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿಯನ್ನು. ಹತ್ತು ಸೆಕೆಂಡಿಗೊಂದರಂತೆ ಅಲೆ ಬಂದರೆ ಮೂರು ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ಅಲೆಗಳಾಗುತ್ತವೆ. ಅಷ್ಟರಲ್ಲಿ ಒಂದಾದರೂ ಆ ಸರಾಸರಿಯ ಎರಡು ಪಟ್ಟಿನ ಹತ್ತಿರ ಬರುವುದು ಸಹಜ. ಹತ್ತು ನಿಮಿಷ ಕಡಲು ನೋಡಿ ‘ಬಂಡೆ ಒಣಗಿದೆ, ನೀರು ಇಲ್ಲಿಗೆ ಬರುವುದಿಲ್ಲ’ ಎಂದು ನಿಶ್ಚಯಿಸಿದವನ ಮೇಲೆ ಆ ಒಂದು ಅಲೆ ಎರಡನೇ ಗಂಟೆಯಲ್ಲಿ ಬರಬಹುದು. ಅಲೆಗಳ ನಡುವಿನ ಅವಧಿ ಹೆಚ್ಚಿದಷ್ಟೂ ಅವುಗಳಲ್ಲಿ ಬಲ ಹೆಚ್ಚು, ಬಂಡೆಯ ಮೇಲೆ ಏರುವ ದೂರವೂ ಹೆಚ್ಚು.

ಬಿದ್ದ ಮೇಲಿನ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕ. ಬಂಡೆಗೆ ಅಪ್ಪಳಿಸಿದ ನೀರು ಬಿಳಿ ನೊರೆಯಾಗಿರುತ್ತದೆ. ಗಾಳಿ ತುಂಬಿದ ಆ ನೀರಿನಲ್ಲಿ ಮೈ ತೇಲುವುದು ಕಷ್ಟ. ಬಟ್ಟೆ, ಬೂಟು ನೀರು ಕುಡಿದು ಭಾರವಾಗುತ್ತವೆ. ಬಿದ್ದವನಿಗೆ ತೋಚುವುದು ಬಿದ್ದ ಜಾಗದಲ್ಲೇ ಹತ್ತುವುದು. ಮುಂದಿನ ಅಲೆ ಅವನನ್ನು ಅದೇ ಕಲ್ಲಿಗೆ ಬಡಿಯುತ್ತದೆ. ಅನುಭವಿಗಳು ಹೇಳುವುದು ಇದಕ್ಕೆ ತದ್ವಿರುದ್ಧ: ಬಂಡೆಯಿಂದ ದೂರ, ತೆರೆದ ಕಡಲಿನ ಕಡೆಗೆ ಈಜಿ, ಅಲ್ಲಿ ತೇಲುತ್ತಾ ಸಹಾಯಕ್ಕೆ ಕಾಯಿರಿ. ಒಳ್ಳೆಯ ಸಲಹೆ, ಆದರೆ ತೇಲಲು ಏನಾದರೂ ಇದ್ದರೆ ಮಾತ್ರ. ಹಲವು ಪ್ರಕರಣಗಳಲ್ಲಿ ಬಿದ್ದವನನ್ನು ಉಳಿಸಲು ಬರಿಗೈಯಲ್ಲಿ ಹಾರಿದ ಗೆಳೆಯ ಅಥವಾ ಬಂಧುವೂ ಮರಳಲಿಲ್ಲ.

ಆಸ್ಟ್ರೇಲಿಯಾದಲ್ಲಿ ಈ ಹವ್ಯಾಸಕ್ಕೆ ಬಲಿಯಾಗುವವರು ವರ್ಷಕ್ಕೆ ಸರಾಸರಿ ಹತ್ತರ ಆಸುಪಾಸು. ಹಲವು ದಶಕ ಇದನ್ನು ‘ಎಚ್ಚರ ತಪ್ಪಿದವರ ದುರದೃಷ್ಟ’ ಎಂದೇ ನೋಡಲಾಯಿತು. ಮೊದಲು ಕೈಹಾಕಿದ್ದು ಸರ್ಕಾರವಲ್ಲ, ಗಾಳಗಾರರೇ. 1994ರಲ್ಲಿ ನ್ಯೂ ಸೌತ್ ವೇಲ್ಸ್‌ನ ಹವ್ಯಾಸಿ ಮೀನುಗಾರರ ಸಂಘ ‘ಏಂಜೆಲ್ ರಿಂಗ್’ ಯೋಜನೆ ಆರಂಭಿಸಿತು. ಬಂಡೆಯ ಮೇಲೆ ಒಂದು ಕಂಬ, ಅದರಲ್ಲಿ ಕಣ್ಣಿಗೆ ಹೊಡೆಯುವ ಬಣ್ಣದ ತೇಲುಬಳೆ. ಯಾರಾದರೂ ಬಿದ್ದರೆ ಎಸೆಯಬೇಕು, ಹೆಲಿಕಾಪ್ಟರ್ ಅಥವಾ ದೋಣಿ ಬರುವವರೆಗೆ ಅವನು ಅದನ್ನು ಅಪ್ಪಿಕೊಂಡಿರಬೇಕು. ಕಂಬ ನೆಟ್ಟರೆ ಹೊಣೆಯೂ ತಮ್ಮ ತಲೆಗೆ ಬರುತ್ತದೆಯೇ ಎಂಬ ಹಿಂಜರಿಕೆ ಜಾಗದ ಒಡೆತನವಿದ್ದ ಕೆಲವರಿಗೆ ಇತ್ತು. ಹಾಗಿದ್ದರೂ ಕೆಲಸ ನಿಲ್ಲಲಿಲ್ಲ. ಹವ್ಯಾಸಿ ಮೀನುಗಾರರ ಪರವಾನಗಿ ಶುಲ್ಕದಿಂದ ಬಂದ ಹಣ ಇದಕ್ಕೆ ಒದಗಿತು. ಬಳೆಗಳ ಸಂಖ್ಯೆ ನೂರು ದಾಟಿತು. ಅವುಗಳಿಂದ ಬದುಕಿ ಬಂದವರು ಅನೇಕರು. ಗಾಳಗಾರರೇ ಸ್ವಂತ ಬೆವರು ಸುರಿಸಿ ಕಟ್ಟಿದ ಈ ವ್ಯವಸ್ಥೆಯ ಬಗ್ಗೆ ಗೌರವವಿಲ್ಲದೆ ಬರೆಯಲು ಸಾಧ್ಯವಿಲ್ಲ.

ಆದರೆ ಅದರ ಮಿತಿಯೂ ಕಣ್ಣೆದುರಿಗೇ ಇತ್ತು. ಬಳೆ ಎಸೆಯಲು ಇನ್ನೊಬ್ಬ ಬೇಕು. ಒಬ್ಬನೇ ಹೋದವನಿಗೆ ಅದು ಕೆಲಸಕ್ಕೆ ಬಾರದು. ಕಂಬವಿರುವ ಜಾಗದಲ್ಲೇ ಎಲ್ಲರೂ ಬೀಳುವುದಿಲ್ಲ. ಕಳವಾದ, ಅಲೆಗೆ ಕೊಚ್ಚಿಹೋದ ಬಳೆಗಳ ಜಾಗದಲ್ಲಿ ಹೊಸತನ್ನು ಇಡುತ್ತಲೇ ಇರಬೇಕು.

ಮುಂದಿನ ಎರಡು ದಶಕ ಕಳೆದದ್ದು ಫಲಕಗಳಲ್ಲಿ, ಕರಪತ್ರಗಳಲ್ಲಿ. ‘ಕಡಲಿಗೆ ಬೆನ್ನು ಮಾಡಬೇಡಿ’, ‘ಒಬ್ಬರೇ ಹೋಗಬೇಡಿ’, ‘ಮೊದಲು ಅರ್ಧ ಗಂಟೆ ಅಲೆಗಳನ್ನು ಗಮನಿಸಿ’, ‘ಜಾರದ ಅಟ್ಟೆಯ ಬೂಟು ತೊಡಿ’. ಎಲ್ಲವೂ ಸರಿಯಾದ ಮಾತು. ಇಂಗ್ಲಿಷ್ ಓದಲು ಬಾರದವರಿಗೆ ಅವು ಬಹುಕಾಲ ತಲುಪಲಿಲ್ಲ, ಸತ್ತವರಲ್ಲಿ ಅಂಥವರ ಪಾಲು ದೊಡ್ಡದು ಎಂಬುದು ವಿಚಾರಣೆಯಿಂದ ವಿಚಾರಣೆಗೆ ಸ್ಪಷ್ಟವಾಗುತ್ತ ಹೋಯಿತು. ಚೀನೀ, ಕೊರಿಯನ್, ವಿಯೆಟ್ನಾಮೀ ಭಾಷೆಗಳ ಫಲಕಗಳು ಬಂದದ್ದು ಆಮೇಲೆ.

ಇಲ್ಲಿ ನೆರೆಯ ನ್ಯೂಜಿಲೆಂಡ್ ಬೇರೆ ದಾರಿ ಹಿಡಿದಿತ್ತು. ಆಕ್ಲೆಂಡ್‌ನ ಪಶ್ಚಿಮ ತೀರದಲ್ಲಿ, ಮುರಿವೈ ಮತ್ತಿತರ ಕಡೆ, 2006ರಲ್ಲಿ ಆರಂಭವಾದ ಯೋಜನೆಯಲ್ಲಿ ಸಿಬ್ಬಂದಿ ಸ್ವತಃ ಬಂಡೆಗೆ ನಡೆದುಹೋಗಿ, ಗಾಳಗಾರರೊಂದಿಗೆ ಅವರದೇ ಭಾಷೆಯಲ್ಲಿ ಮಾತನಾಡಿದರು. ಲೈಫ್ ಜಾಕೆಟ್ ತೊಡುತ್ತೀರಾ ಎಂದು ವರ್ಷ ವರ್ಷವೂ ಅದೇ ಜಾಗಗಳಲ್ಲಿ ಕೇಳಿ ಬರೆದಿಟ್ಟರು. ಹೌದು ಎನ್ನುವವರ ಪ್ರಮಾಣ ಹತ್ತು ವರ್ಷದೊಳಗೆ ಹಲವು ಪಟ್ಟು ಏರಿತು. ದಂಡದ ಹೆದರಿಕೆಯಿಂದ ಬಂದ ಬದಲಾವಣೆಯಲ್ಲ ಅದು. ಜಪಾನಿನಲ್ಲಂತೂ ಬಂಡೆಯ ಮೇಲೆ ಗಾಳ ಹಾಕುವವರಿಗೆ ತೇಲುವ ಜಾಕೆಟ್ ಮತ್ತು ಮೊಳೆಯಟ್ಟೆಯ ಬೂಟು ಹವ್ಯಾಸದ ಸಲಕರಣೆಯಲ್ಲೇ ಸೇರಿಹೋಗಿವೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಗಾಳಿ ತಿರುಗಿದ್ದು 2015ರಲ್ಲಿ. ಬಂಡೆಯಿಂದ ಬಿದ್ದು ಸತ್ತ ಹಲವರ ಪ್ರಕರಣಗಳನ್ನು ಕರೋನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ನಡೆಸುವ ನ್ಯಾಯಾಧಿಕಾರಿ, ಒಟ್ಟಿಗೆ ಕೈಗೆತ್ತಿಕೊಂಡರು. ಒಂದೊಂದು ಸಾವನ್ನು ಬಿಡಿಯಾಗಿ ನೋಡಿದಾಗ ಕಾಣದ್ದು ಸಾಲಾಗಿ ಇಟ್ಟಾಗ ಕಂಡಿತು: ಜಾಗ ಬೇರೆ, ದಿನ ಬೇರೆ, ಆದರೆ ಮತ್ತೆ ಮತ್ತೆ ಅದೇ ಮಾತು, ಮೃತರು ಲೈಫ್ ಜಾಕೆಟ್ ಧರಿಸಿರಲಿಲ್ಲ. ಕಡ್ಡಾಯ ಮಾಡಬೇಕೆಂಬ ಶಿಫಾರಸು ಅಲ್ಲಿಂದ ಹೊರಟಿತು. ಮರುವರ್ಷವೇ ಶಾಸನಸಭೆ ಬಂಡೆ ಮೀನುಗಾರಿಕೆ ಸುರಕ್ಷತಾ ಕಾಯ್ದೆಯನ್ನು ಅಂಗೀಕರಿಸಿತು. 2016ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು, ಸಾವುಗಳು ಪದೇ ಪದೇ ಆಗುತ್ತಿದ್ದ ರ‍್ಯಾಂಡ್‌ವಿಕ್‌ನಲ್ಲಿ ಮೊದಲು.

ಆಗಿನ ವಾದಗಳನ್ನು ಇಂದು ಓದಿದರೆ ಎರಡೂ ಕಡೆಯಲ್ಲಿ ಪ್ರಾಮಾಣಿಕತೆ ಕಾಣುತ್ತದೆ. ಹಳೆಯ ಗಾಳಗಾರರು ಕೇಳಿದರು: ದಪ್ಪ ಜಾಕೆಟ್ ತೊಟ್ಟು ಗಾಳ ಬೀಸುವುದು ಹೇಗೆ? ಅಲೆಯ ಕೆಳಗೆ ಮುಳುಗಿ ಪಾರಾಗಬೇಕಾದಾಗ ಜಾಕೆಟ್ ಮೇಲಕ್ಕೇ ಎತ್ತಿದರೆ? ಗಾಳಿ ತುಂಬುವ ತೆಳು ಜಾಕೆಟ್ ಕಲ್ಲಿಗೆ ತಾಗಿ ಹರಿದರೆ? ಎಲ್ಲಕ್ಕಿಂತ ಮುಖ್ಯವಾಗಿ, ಜಾಕೆಟ್ ಇದೆ ಎಂಬ ಧೈರ್ಯದಲ್ಲಿ ಹೊಸಬರು ಹೋಗಬಾರದ ಬಂಡೆಗೆ ಇಳಿದರೆ? ತಳ್ಳಿಹಾಕುವ ಪ್ರಶ್ನೆಗಳಲ್ಲ ಇವು. ಫೋಮ್ ತುಂಬಿದ ಜಾಕೆಟ್ ಕಲ್ಲಿನ ಹೊಡೆತದಿಂದ ಎದೆ ಬೆನ್ನನ್ನೂ ಕಾಯುತ್ತದೆ, ಗಾಳಿಯ ಜಾಕೆಟ್ ಹಗುರ ಆದರೆ ಸೂಕ್ಷ್ಮ ಎಂಬ ತಿಳಿವಳಿಕೆ ಬೆಳೆದದ್ದು ಈ ಚರ್ಚೆಯಿಂದಲೇ. ಆದರೆ ಈ ವಾದಗಳನ್ನು ಮುಂದಿಟ್ಟವರು ಬಹುಪಾಲು ಕಡಲನ್ನು ಓದಬಲ್ಲವರು. ನೀರಿಗೆ ಬಿದ್ದವರಲ್ಲಿ ಅನೇಕರಿಗೆ ಆ ಓದು ಇರಲಿಲ್ಲ, ಕೆಲವರಿಗೆ ಈಜೂ ಸರಿಯಾಗಿ ಬರುತ್ತಿರಲಿಲ್ಲ. ಬಲ್ಲವರ ಅನುಕೂಲ ಮತ್ತು ಅರಿಯದವರ ಪ್ರಾಣ ಒಂದೇ ತಕ್ಕಡಿಯಲ್ಲಿ ತೂಗಿದಷ್ಟು ಕಾಲ ತೀರ್ಮಾನ ಮುಂದೆ ಹೋಯಿತು.

ಕಾಯ್ದೆ ಬಂದ ಮೇಲೂ ಮೊದಲ ವರ್ಷ ದಂಡವಿಲ್ಲ, ತಿಳಿವಳಿಕೆ ಮಾತ್ರ ಎಂದಾಯಿತು. ಆ ಅವಧಿಯನ್ನು ಮತ್ತೆ ವಿಸ್ತರಿಸಿ, ಕೊನೆಗೆ ದಂಡ ಶುರುವಾದದ್ದು 2018ರ ಜೂನ್ 1ರಂದು. ಜನರಿಗೆ ಜಾಕೆಟ್ ಕೊಳ್ಳಲು, ಒಗ್ಗಿಕೊಳ್ಳಲು ಸಮಯ ಕೊಟ್ಟದ್ದು ನ್ಯಾಯವೇ. ಅಷ್ಟು ಹೊತ್ತಿಗೆ ಬಂಡೆಗಳ ಮೇಲೆ ಜಾಕೆಟ್ ತೊಟ್ಟವರು ಅಪರೂಪದ ದೃಶ್ಯವಾಗಿ ಉಳಿದಿರಲಿಲ್ಲ.

ಇಂದಿನ ಗೋಜಲಿಗೆ ಕಾರಣವಾದ ತೀರ್ಮಾನ ಇದರ ನಂತರದ್ದು. ಕಾಯ್ದೆಯನ್ನು ರಾಜ್ಯದ ಇಡೀ ಕರಾವಳಿಗೆ ಹಬ್ಬಿಸುವ ಬದಲು, ಬಯಸಿದ ನಗರಸಭೆಗಳು ತಾವಾಗಿ ಸೇರಿಕೊಳ್ಳಲಿ ಎಂದಾಯಿತು. ಸ್ಥಳೀಯರಿಗೇ ತಮ್ಮ ಬಂಡೆಗಳ ಗುಣ ಗೊತ್ತು ಎಂಬ ತರ್ಕ ಅದರ ಹಿಂದಿತ್ತು. ಸಿಡ್ನಿಯ ಉತ್ತರದ ನಾರ್ದರ್ನ್ ಬೀಚಸ್‌ನಂಥವು ಬೇಗ ಸೇರಿದವು. ಉಳಿದವು ಫಲಕಗಳ ಖರ್ಚು, ಕಾವಲಿನ ಸಿಬ್ಬಂದಿ, ಸ್ಥಳೀಯ ಗಾಳಗಾರರ ಅಸಮಾಧಾನ ಎಲ್ಲವನ್ನೂ ಅಳೆಯುತ್ತ ಕುಳಿತವು. 2021ರ ಜನವರಿಯಲ್ಲಿ ವೊಲೊಂಗಾಂಗ್ ಬಳಿಯ ಪೋರ್ಟ್ ಕೆಂಬ್ಲಾದ ಹಿಲ್ 60 ಎಂಬಲ್ಲಿ ಒಂದೇ ಸಂಜೆ ಮೂವರು ಸತ್ತರು. ಅಲ್ಲಿ ಕಡ್ಡಾಯದ ಕೂಗು ಬಲವಾದದ್ದು ಆ ಬಳಿಕ. ಸಾವು ಆದ ಮೇಲೆ ಪಟ್ಟಿಗೆ ಸೇರುವ ಈ ಕ್ರಮವೇ ನನ್ನನ್ನು ಹೆಚ್ಚು ಕಾಡುವುದು. ಯಾವ ಬಂಡೆ ಅಪಾಯಕಾರಿ ಎಂಬುದನ್ನು ಅದರ ಎತ್ತರ, ಮುಖ ಮಾಡಿರುವ ದಿಕ್ಕು, ಅಲೆ ಬಡಿಯುವ ರೀತಿಯಿಂದ ಮೊದಲೇ ಅಂದಾಜು ಮಾಡಬಹುದು ಎಂದು ಅಲ್ಲಿನ ವಿಶ್ವವಿದ್ಯಾಲಯಗಳ ಕರಾವಳಿ ತಜ್ಞರು ತೋರಿಸಿದ್ದಾರೆ.

ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಬಳಿಯ ಸಾಮನ್ ಹೋಲ್ಸ್ ಎಂಬಲ್ಲೂ ಹೀಗೆಯೇ. ಮೀನಿನ ಹಿಂಡು ಬರುವ ಋತುವಿನಲ್ಲಿ ಜನ ಮುಗಿಬೀಳುವ ಆ ಬಂಡೆಗಳಲ್ಲಿ ಮೊದಲು ಹಗ್ಗ ಕಟ್ಟಿಕೊಳ್ಳಲು ಕಬ್ಬಿಣದ ಕೊಂಡಿಗಳನ್ನು ಬಡಿದರು, ಆಮೇಲೆ ಲೈಫ್ ಜಾಕೆಟ್ ಕಡ್ಡಾಯ ಮಾಡಿದರು.

ನಮ್ಮ ಕರಾವಳಿಗೆ ಬಂದರೆ ಚಿತ್ರ ಬೇರೆ, ಅಪಾಯ ಅದೇ. ಕಾಪು ದೀಪಸ್ತಂಭದ ಸುತ್ತಲ ಬಂಡೆಗಳು, ಸೋಮೇಶ್ವರದ ರುದ್ರಪಾದೆ ಇಂಥ ಕಡೆ ಸಂಜೆಯಾದರೆ ಗಾಳ ಹಿಡಿದವರು, ಅವರ ಪಕ್ಕದಲ್ಲೇ ಫೋಟೊ ತೆಗೆಯುವ ಪ್ರವಾಸಿಗರು. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ತೀರಿಕೊಂಡರು. ಇಂಥ ದುರಂತದ ಬೆನ್ನಿಗೆ ನಿರ್ಬಂಧ, ಜೀವರಕ್ಷಕರ ನೇಮಕದ ಮಾತು ಬರುತ್ತದೆ. ಅದೆಲ್ಲ ಪ್ರವಾಸಿಗನನ್ನು ಉದ್ದೇಶಿಸಿದ್ದು. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನೋಡಿಕೊಳ್ಳುವುದು ದೋಣಿಗಳನ್ನು. ಬಂಡೆಯ ಮೇಲೆ ಗಾಳ ಹಿಡಿದು ನಿಂತ ಸ್ಥಳೀಯ ಯುವಕ ಪ್ರವಾಸಿಗನೂ ಅಲ್ಲ, ದೋಣಿಯ ಮೀನುಗಾರನೂ ಅಲ್ಲ.

ಕಡಲಿನ ಸ್ಥಿತಿಯ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್, ದಕ್ಷಿಣ ಹಿಂದೂ ಮಹಾಸಾಗರದಿಂದ ಬರುವ ದೊಡ್ಡ ಅಲೆಗಳ ಬಗ್ಗೆ, ‘ಕಳ್ಳಕ್ಕಡಲ್’ ಎಂಬ ಹೆಸರಿನಲ್ಲಿ, ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ. ಮಳೆಗಾಲಕ್ಕೆ ಮೊದಲು, ಬಿಸಿಲು ಚುರುಗುಟ್ಟುವ ಶಾಂತ ದಿನಗಳಲ್ಲೂ ಅವು ಬರುತ್ತವೆ. ಆ ಸೂಚನೆ ಬಂದರಿಗೆ, ದೋಣಿ ಮಾಲೀಕರಿಗೆ ತಲುಪುವಂತೆಯೇ ಪಾದೆಯ, ಅಂದರೆ ಬಂಡೆಯ, ದಾರಿಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ ಬಲ್ಲ ಯಾರಾದರೂ ಹೇಳುವಂತಾಗಬೇಕು. ಕಾಪು, ಸೋಮೇಶ್ವರದಲ್ಲಿ ನಾಲ್ಕು ಕಂಬ ನೆಟ್ಟು ತೇಲುಬಳೆ ಇಡಬೇಕು. ಅವನ್ನು ನೋಡಿಕೊಳ್ಳುವ ಕೆಲಸವನ್ನು ಗುತ್ತಿಗೆದಾರನಿಗಲ್ಲ, ದಿನವೂ ಅಲ್ಲಿ ಗಾಳ ಹಾಕುವವರಿಗೇ ಒಪ್ಪಿಸಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ಬಳೆಗಳು ಮೂವತ್ತು ವರ್ಷ ಉಳಿದದ್ದು ಹಾಗೆ.