ನಿಂತಲ್ಲೇ ಸವೆಯುವ ವಾಹನ

ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಪ್ರವಾಸ ಹೋಗಬಹುದಾದ ಮನೆಯಂಥ ವಾಹನ, ಕೊಳ್ಳುವ ಮುನ್ನ ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಎಂಜಿನ್ನಿನ ಬಗ್ಗೆಯೇ ಇರುತ್ತದೆ. ಎಷ್ಟು ಕಿಲೋಮೀಟರ್ ಓಡಿದೆ, ಲೀಟರಿಗೆ ಎಷ್ಟು ಕೊಡುತ್ತದೆ, ಗೇರ್‌ಬಾಕ್ಸ್ ಹೇಗಿದೆ ಎಂದು ವಿಚಾರಿಸುತ್ತಾರೆ. ಈ ವಾಹನಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಅನುಭವದಲ್ಲಿ ಎಂಜಿನ್ ಕೆಟ್ಟು ವರ್ಕ್‌ಶಾಪಿಗೆ ಬಂದ ಮೋಟರ್‌ಹೋಮುಗಳು ಕಡಿಮೆ. ಛಾವಣಿ ಸೋರಿ, ಬ್ಯಾಟರಿ ಸತ್ತು, ಟೈರ್ ಬಿರಿದು, ಫ್ರಿಜ್ ತಣ್ಣಗಾಗದೆ ಬಂದವೇ ಹೆಚ್ಚು. ಈ ನಾಲ್ಕೂ ದೋಷಗಳು ಬಹುಮಟ್ಟಿಗೆ ಹುಟ್ಟುವುದು ವಾಹನ ನಿಂತಿರುವಾಗ. ವರ್ಷದಲ್ಲಿ ಹತ್ತು ತಿಂಗಳು ಒಂದೇ ಕಡೆ ನಿಲ್ಲುವ ವಾಹನದ ಆರೋಗ್ಯವನ್ನು ಅದು ಓಡಿದ ದೂರದಿಂದ ಅಳೆಯಲು ಬರುವುದಿಲ್ಲ. ಹತ್ತು ವರ್ಷ ಹಳೆಯದು, ಓಡಿದ್ದು ಮಾತ್ರ ಹದಿನೈದು ಸಾವಿರ ಕಿಲೋಮೀಟರ್ ಎಂಬ ಜಾಹೀರಾತನ್ನು ಯಾರಾದರೂ ಉತ್ಸಾಹದಿಂದ ತೋರಿಸಿದರೆ, ಆ ಹತ್ತು ವರ್ಷ ಅದು ಎಲ್ಲಿ, ಹೇಗೆ ನಿಂತಿತ್ತು ಎಂದು ಮೊದಲು ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಮೊದಲ ಶತ್ರು ನೀರು. ಮೋಟರ್‌ಹೋಮಿನ ವಾಸದ ಭಾಗವೆಂದರೆ ಟ್ರಕ್ ಅಥವಾ ವ್ಯಾನಿನ ಷಾಸಿಯ (ಚಕ್ರ, ಎಂಜಿನ್ ಕೂರಿಸಿದ ಅಡಿಚೌಕಟ್ಟಿನ) ಮೇಲೆ ಕೂರಿಸಿದ ಒಂದು ಪೆಟ್ಟಿಗೆ. ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಫೋಮ್, ಹೊರಗೆ ತೆಳುವಾದ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಹಾಳೆ, ಒಳಗೆ ಪ್ಲೈವುಡ್: ಇವನ್ನೆಲ್ಲ ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಈ ಪೆಟ್ಟಿಗೆಗೆ ಕಿಟಕಿ, ಗಾಳಿಕಿಂಡಿ, ದೀಪ, ಆಂಟೆನಾ, ಸೋಲಾರ್ ಫಲಕಗಳಿಗಾಗಿ ಹತ್ತಾರು ಕಡೆ ತೂತು ಕೊರೆದಿರುತ್ತಾರೆ, ಮತ್ತು ಆ ಪ್ರತಿಯೊಂದು ತೂತಿಗೂ ಮಳೆಗೂ ನಡುವೆ ಇರುವುದು ಸೀಲಂಟಿನ, ಅಂದರೆ ಸಂದು ಮುಚ್ಚುವ ಅಂಟಿನ, ಒಂದು ಎಳೆ ಮಾತ್ರ. ಬಿಸಿಲಿಗೆ ಆ ಎಳೆ ಗಡಸಾಗುತ್ತದೆ, ರಸ್ತೆಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಒಳಗೆ ಇಳಿದ ನೀರು ಇಳಿದ ಕಡೆಯೇ ಕಾಣಿಸಿಕೊಳ್ಳುವ ಸೌಜನ್ಯ ತೋರುವುದಿಲ್ಲ. ಛಾವಣಿಯ ಗಾಳಿಕಿಂಡಿಯಲ್ಲಿ ಹೊಕ್ಕು, ಚೌಕಟ್ಟಿನ ಉದ್ದಕ್ಕೂ ಹರಿದು, ಎರಡು ಮೀಟರ್ ಆಚೆ ಹಾಸಿಗೆಯ ಕೆಳಗಿನ ಮೂಲೆಯಲ್ಲಿ ಕಲೆಯಾಗಿ ಹೊರಬರುತ್ತದೆ.

ಒಮ್ಮೆ ದುರಸ್ತಿಗೆ ಬಂದ ವಾಹನವೊಂದರ ಹಿಂಗೋಡೆಯ ಒಳಹಾಳೆಯನ್ನು ಬಿಚ್ಚಿದಾಗ, ಅದರ ಹಿಂದಿದ್ದ ಮರ ನೆನೆದ ರಟ್ಟಿನಂತೆ ಎಳೆ ಎಳೆಯಾಗಿ ಕೈಗೆ ಬಂತು. ಸುಮಾರು ನಾಲ್ಕು ಅಡಿ ಚೌಕಟ್ಟು ಹೀಗೆ ಕರಗಿಹೋಗಿತ್ತು. ಕಾರಣ ಹುಡುಕಿಕೊಂಡು ಮೇಲೆ ಹತ್ತಿ ನೋಡಿದರೆ, ಆಂಟೆನಾದ ಬುಡದಲ್ಲಿ ಯಾರೋ ನಂತರ ಸೇರಿಸಿದ್ದ ಒಂದು ಸ್ಕ್ರೂ ಇತ್ತು. ಉಳಿದ ಮೂರು ಸ್ಕ್ರೂಗಳ ತಲೆಯ ಮೇಲೆ ಸೀಲಂಟ್ ಇತ್ತು, ಅದರ ಮೇಲೆ ಇರಲಿಲ್ಲ.

ಹಳೆಯ ಮೋಟರ್‌ಹೋಮ್ ನೋಡಲು ಹೋದಾಗ ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಬರುತ್ತದೆಯೇ ಎಂದು ಗಮನಿಸಬೇಕು. ಒಳಗೆ ಸುಗಂಧ ಸಿಂಪಡಿಸಿದ್ದರೆ ಇನ್ನಷ್ಟು ಗಮನಿಸಬೇಕು. ಕಿಟಕಿಗಳ ಮೂಲೆ, ಮೇಲಿನ ಕಪಾಟುಗಳ ಒಳಗೆ, ಹಾಸಿಗೆಯ ಹಿಂದೆ, ಶೌಚಾಲಯದ ನೆಲದಂಚು, ಈ ಎಲ್ಲ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲಿ ಮೆತ್ತಗೆ ಹತ್ತುತ್ತದೋ ಅಲ್ಲಿ ನಿಲ್ಲಬೇಕು. ತೇವಾಂಶ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಶೇ 15ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಶೇ 20 ದಾಟಿದರೆ ಸೋರಿಕೆಯ ಮೂಲ ಹುಡುಕಬೇಕು, ಶೇ 30ರ ಮೇಲೆ ಹೋದರೆ ಚೌಕಟ್ಟು ಕೊಳೆತಿರುವ ಸಂಭವ ಹೆಚ್ಚು. ಹೊರಗಿನಿಂದ ನೋಡುವಾಗ ಗೋಡೆಗೆ ಓರೆಯಾಗಿ ನಿಂತು ಕಣ್ಣು ಹಾಯಿಸಿದರೆ ಹಾಳೆ ಉಬ್ಬಿರುವುದು ಗೊತ್ತಾಗುತ್ತದೆ. ಒಳಗೆ ಅಂಟು ಬಿಟ್ಟಿದೆ ಎಂದರ್ಥ. ಅಂಥ ವಾಹನವನ್ನು ಬೆಲೆ ಇಳಿಸಿ ಕೊಟ್ಟರೂ ನಾನು ತೆಗೆದುಕೊಳ್ಳಲಾರೆ.

ಈಗಾಗಲೇ ವಾಹನ ಇರುವವರು ವರ್ಷಕ್ಕೆ ಎರಡು ಬಾರಿಯಾದರೂ ಏಣಿ ಹಾಕಿ ಛಾವಣಿಯ ಪ್ರತಿಯೊಂದು ಜೋಡಣೆಯನ್ನು ಕಣ್ಣಿನಿಂದ ನೋಡಬೇಕು. ಎಲ್ಲ ಛಾವಣಿಗಳೂ ಮನುಷ್ಯನ ಭಾರ ತಡೆಯುವಂಥವಲ್ಲವಾದ್ದರಿಂದ ತಯಾರಕರ ಕೈಪಿಡಿ ಓದದೆ ಮೇಲೆ ನಡೆದಾಡಬಾರದು. ಬಿರುಕು ಕಂಡಲ್ಲಿ ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸ್ವಚ್ಛಗೊಳಿಸಿ, ಆ ಛಾವಣಿಗೆ ಒಪ್ಪುವ ಸೀಲಂಟನ್ನೇ ಹಾಕಬೇಕು. ಸ್ನಾನಗೃಹಕ್ಕೆಂದು ತಂದು ಉಳಿದ ಸಿಲಿಕೋನನ್ನು ಮೆತ್ತುವ ಅಭ್ಯಾಸ ಬಹಳ ಜನರಿಗಿದೆ. ಅದರ ಮೇಲೆ ಮುಂದೆ ಬೇರೇನೂ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯಲು ನಮಗೆ ಹಿಡಿಯುವ ಸಮಯ ದುರಸ್ತಿಯ ಸಮಯಕ್ಕಿಂತ ಹೆಚ್ಚು. ರಬ್ಬರ್ ಹಾಳೆಯ ಛಾವಣಿಗೆ ಪೆಟ್ರೋಲಿಯಂ ಅಂಶವಿರುವ ದ್ರಾವಣ ತಾಗಬಾರದು, ತಾಗಿದರೆ ರಬ್ಬರ್ ಉಬ್ಬುತ್ತದೆ. ತೊಳೆಯುವಾಗ ಪ್ರೆಷರ್ ವಾಷರಿನ ನೀರನ್ನು ಜೋಡಣೆಗಳಿಗೆ ನೇರವಾಗಿ ಹಿಡಿಯಬಾರದು.

ಎರಡನೆಯದು ತೂಕ. ಇದು ನಿಂತಾಗ ಕಾಣದ, ಓಡುವಾಗ ಮಾತ್ರ ತೊಂದರೆ ಕೊಡುವ ವಿಷಯವಾದರೂ, ತಪ್ಪು ನಡೆಯುವುದು ಮಾತ್ರ ವಾಹನ ನಿಂತಿದ್ದು ನಾವು ಸಾಮಾನು ತುಂಬುತ್ತಿರುವಾಗಲೇ. ಗರಿಷ್ಠ ಅನುಮತಿಯ ತೂಕ 3,500 ಕೆ.ಜಿ., ಚಾಲಕ ಮತ್ತು ಇಂಧನ ಸೇರಿ ವಾಹನದ ತೂಕ 3,000 ಕೆ.ಜಿ. ಎಂದಿಟ್ಟುಕೊಳ್ಳೋಣ. ಉಳಿದ 500 ಕೆ.ಜಿ. ಕೇಳಲು ದೊಡ್ಡದಾಗಿದೆ. ಇನ್ನಿಬ್ಬರು ವಯಸ್ಕರು 140, ನೂರು ಲೀಟರ್ ನೀರು 100, ಎರಡು ತುಂಬಿದ ಗ್ಯಾಸ್ ಸಿಲಿಂಡರ್ 50, ಸೈಕಲ್ಲುಗಳು ಮತ್ತು ಅವುಗಳ ಸ್ಟ್ಯಾಂಡ್ 50, ಬದಿಯಲ್ಲಿ ಬಿಚ್ಚುವ ನೆರಳಿನ ಛತ್ರ 30, ಹೆಚ್ಚುವರಿ ಬ್ಯಾಟರಿ 25, ಬಟ್ಟೆ, ಪಾತ್ರೆ, ದಿನಸಿ 100. ಒಟ್ಟು 495 ಆಯಿತು, ಕುರ್ಚಿ ಮೇಜುಗಳಿನ್ನೂ ಹೊರಗೇ ಇವೆ.

ಎಷ್ಟು ತೂಕ ಎಂಬುದರ ಜೊತೆಗೆ ಎಲ್ಲಿ ಇಟ್ಟಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ದಂಡಗಳ) ನಡುವೆ 4 ಮೀಟರ್ ಅಂತರವಿದ್ದು, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದಿರುವ ಪೆಟ್ಟಿಗೆಯಲ್ಲಿ 100 ಕೆ.ಜಿ. ಇಟ್ಟರೆ, ಸನ್ನೆಕೋಲಿನ ನಿಯಮದಂತೆ ಹಿಂದಿನ ಆಕ್ಸಲ್ ಮೇಲೆ 150 ಕೆ.ಜಿ. ಹೆಚ್ಚುತ್ತದೆ ಮತ್ತು ಮುಂದಿನದರಿಂದ 50 ಕೆ.ಜಿ. ಇಳಿಯುತ್ತದೆ. ಸ್ಟೀರಿಂಗಿಗೂ ಮುಂದಿನ ಬ್ರೇಕಿಗೂ ಬೇಕಾದ ಹಿಡಿತ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ, ಹಿಂದಿನ ಟೈರುಗಳು ಮಿತಿ ಮೀರುತ್ತವೆ, ಆದರೆ ಒಟ್ಟು ತೂಕ ಮಿತಿಯೊಳಗೇ ಇರಬಹುದು. ಆದ್ದರಿಂದ ಪ್ರವಾಸಕ್ಕೆ ಹೊರಡುವಷ್ಟೇ ಸಾಮಾನು ತುಂಬಿ, ಎಲ್ಲರೂ ಕುಳಿತು, ವಾಹನಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಎರಡೂ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ಒಮ್ಮೆ ತೂಗಿಸಬೇಕು. ಭಾರದ ವಸ್ತುಗಳು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇರಲಿ.

ಟೈರಿನ ವಿಷಯದಲ್ಲಿ ಮೋಟರ್‌ಹೋಮ್ ಮಾಲೀಕರನ್ನು ಮೋಸಗೊಳಿಸುವುದು ಅದರ ಅಚ್ಚು, ಅಂದರೆ ನೆಲಕ್ಕೆ ತಾಗುವ ಮೈಯ ಮೇಲಿನ ಗೀರುಗಳು. ಕಡಿಮೆ ಓಡಿರುವುದರಿಂದ ಅಚ್ಚು ಹೊಸದರಂತೆಯೇ ಕಾಣುತ್ತದೆ. ಟೈರಿನ ರಬ್ಬರಿಗೆ ಬಿರುಕು ತಡೆಯಲೆಂದು ಬೆರೆಸಿರುವ ಮೇಣದಂಥ ವಸ್ತುಗಳು ಟೈರ್ ಉರುಳುವಾಗ, ಬಾಗುವಾಗ ಹೆಚ್ಚಾಗಿ ಮೇಲ್ಮೈಗೆ ಬರುತ್ತವೆ. ನಿಂತ ಟೈರ್ ಆ ರಕ್ಷಣೆ ಸಾಲದೆ ಬಿಸಿಲಿಗೆ ಒಣಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮದಿನವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೇ ವಾರ. ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಬೇಕು, ಅಚ್ಚು ಎಷ್ಟೇ ಆಳವಿದ್ದರೂ ಹತ್ತು ವರ್ಷಕ್ಕಿಂತ ಮೇಲೆ ಬಳಸಬಾರದು. ನಾನಾದರೆ ಏಳಕ್ಕೇ ಬದಲಿಸುತ್ತೇನೆ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಬಹುಕಾಲ ನಿಲ್ಲಿಸುವಾಗ ಚಕ್ರಗಳಿಗೆ ಬಿಸಿಲು ಬೀಳದಂತೆ ಮುಚ್ಚಿ, ತಿಂಗಳಿಗೊಮ್ಮೆ ವಾಹನವನ್ನು ಸ್ವಲ್ಪ ಸರಿಸಿ ನಿಲ್ಲಿಸಿದರೆ ಒಂದೇ ಜಾಗ ಚಪ್ಪಟೆಯಾಗುವುದು ತಪ್ಪುತ್ತದೆ. ಬ್ರೇಕ್ ಆಯಿಲ್ ಕೂಡ ಹೀಗೆಯೇ: ಓಡಿದರೂ ನಿಂತರೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅದರ ಕುದಿಬಿಂದು ಇಳಿಯುತ್ತದೆ, ಕೊನೆಗೆ ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಬ್ಯಾಟರಿಗಳ ಸಾವು ಸದ್ದಿಲ್ಲದ್ದು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.7 ವೋಲ್ಟ್ ತೋರಿಸಿದರೆ ಪೂರ್ಣ, 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ, ಅಥವಾ ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ, ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಮತ್ತೆ ಪೂರ್ತಿ ತುಂಬುವುದೇ ಇಲ್ಲ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿದ್ದೆವು ಎನ್ನುವವರ ವಾಹನದಲ್ಲೂ ಗ್ಯಾಸ್ ಅಲಾರಂ, ರೇಡಿಯೋದ ನೆನಪು, ನಿಯಂತ್ರಣ ಫಲಕಗಳು ದಿನವಿಡೀ ಅಷ್ಟಿಷ್ಟು ಹೀರುತ್ತಲೇ ಇರುತ್ತವೆ. ನಿಲ್ಲಿಸುವಾಗ ಮುಖ್ಯ ಸಂಪರ್ಕವನ್ನು ಕಡಿಯುವ ಸ್ವಿಚ್ ಹಾಕಿಸಿಕೊಳ್ಳಬೇಕು ಇಲ್ಲವೇ ಚಾರ್ಜರನ್ನು ಜೋಡಿಸಿಡಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಅದರ ಬಹುಪಾಲು ಶಕ್ತಿಯನ್ನು ಬಳಸಿಕೊಳ್ಳಬಹುದು. ಆದರೆ ಅದನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಹಳೆಯ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಿದರೆ ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರೇ ಸುಟ್ಟುಹೋದೀತು; ನಡುವೆ ಅದಕ್ಕೆಂದೇ ಇರುವ ಚಾರ್ಜರ್ ಬೇಕು. ಬ್ಯಾಟರಿಯ ಮೇಲೆ ರಾತ್ರಿಯಿಡೀ ಏಸಿ ನಡೆಸಬಹುದೇ ಎಂದು ಕೇಳುವವರಿಗೆ ನಾನು ಒಂದು ಭಾಗಾಕಾರ ಮಾಡಿ ತೋರಿಸುತ್ತೇನೆ: 1,500 ವಾಟ್ ಭಾಗಿಸು 12 ವೋಲ್ಟ್, ಅಂದರೆ 125 ಆಂಪಿಯರ್. ನೂರು ಆಂಪಿಯರ್-ಅವರ್ ಬ್ಯಾಟರಿ ಒಂದು ಗಂಟೆಯೂ ಬಾರದು.

ಇನ್ನು ಫ್ರಿಜ್. ಅನೇಕ ಮೋಟರ್‌ಹೋಮುಗಳಲ್ಲಿರುವುದು ಅಮೋನಿಯ ಬಳಸುವ ಅಬ್ಸಾರ್ಪ್ಷನ್ ಫ್ರಿಜ್. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ಈ ಯಂತ್ರದಲ್ಲಿ ತಿರುಗುವ ಭಾಗವೇ ಇಲ್ಲ. ಗ್ಯಾಸಿನ ಚಿಕ್ಕ ಜ್ವಾಲೆ ಅಥವಾ ಹೀಟರ್ ಅಮೋನಿಯದ ದ್ರಾವಣವನ್ನು ಕುದಿಸುತ್ತದೆ, ಉಳಿದದ್ದೆಲ್ಲ ಗುರುತ್ವಾಕರ್ಷಣೆಯಿಂದಲೇ ಹರಿಯುತ್ತದೆ. ಹಾಗಾಗಿ ವಾಹನ ವಾಲಿ ನಿಂತರೆ ದ್ರವ ಒಂದು ಕಡೆ ನಿಂತುಬಿಡುತ್ತದೆ, ಒಣಗಿದ ಬಾಯ್ಲರ್ ಅತಿಯಾಗಿ ಕಾಯುತ್ತದೆ, ತುಕ್ಕು ತಡೆಯಲು ಬೆರೆಸಿದ ಕ್ರೋಮೇಟ್ ಲವಣ ಹರಳುಗಟ್ಟಿ ನಳಿಗೆಯನ್ನು ಮುಚ್ಚುತ್ತದೆ. ಓಡುವಾಗ ವಾಲಿದರೆ ಅಷ್ಟು ತೊಂದರೆಯಿಲ್ಲ, ಕುಲುಕಾಟದಲ್ಲಿ ದ್ರವ ಮತ್ತೆ ಹರಿದುಕೊಳ್ಳುತ್ತದೆ. ಹೊರಗಿನ ಜಾಲರಿ ತೆಗೆದಾಗ ನಳಿಗೆಯ ಸುತ್ತ ಹಳದಿ ಪುಡಿ ಕಂಡು, ಮೂಗಿಗೆ ಅಮೋನಿಯ ಹೊಡೆದರೆ ಆ ಘಟಕದ ಕಥೆ ಮುಗಿಯಿತು. ಚಮಚದಷ್ಟು ಉದ್ದದ ಮಟ್ಟಗೋಲನ್ನು ಫ್ರಿಜ್ಜಿನ ನೆಲದ ಮೇಲಿಟ್ಟು, ಗುಳ್ಳೆ ನಡುವೆ ಬರುವವರೆಗೆ ಚಕ್ರದ ಕೆಳಗೆ ಇಳಿಜಾರು ದಿಮ್ಮಿ ಕೊಟ್ಟರೆ ಇಷ್ಟೆಲ್ಲ ತಪ್ಪುತ್ತದೆ.

ಅದೇ ಗ್ಯಾಸು ಅಡುಗೆಗೂ ನೀರು ಕಾಯಿಸುವುದಕ್ಕೂ ಬಳಕೆಯಾಗುವುದರಿಂದ ಇಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದು ಹೊರಹೋಗಲೆಂದೇ ನೆಲದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಚಳಿ ಬರುತ್ತದೆ, ಇರುವೆ ಬರುತ್ತದೆ ಎಂದು ಆ ಕಿಂಡಿಗೆ ಬಟ್ಟೆ ತುರುಕಿರುವುದನ್ನು ನಾನು ಒಂದಲ್ಲ, ಹಲವು ವಾಹನಗಳಲ್ಲಿ ಕಂಡಿದ್ದೇನೆ. ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು. ಬರ್ನರಿನ ಜ್ವಾಲೆ ನೀಲಿ ಇರಬೇಕು. ಹಳದಿಯಾದರೆ ದಹನ ಅಪೂರ್ಣ, ಅಂದರೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು. ಅದರ ಅಲಾರಂ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ, ಗುಂಡಿ ಒತ್ತಿದಾಗ ಕೂಗಿತೆಂದು ತೃಪ್ತರಾಗದೆ ಆ ದಿನಾಂಕವನ್ನೂ ನೋಡಬೇಕು. ಒಲೆ ಹಚ್ಚಿ ಕೋಣೆ ಬೆಚ್ಚಗೆ ಮಾಡಿಕೊಳ್ಳಬಾರದು. ಶೀತಪ್ರದೇಶಕ್ಕೆ ಹೋಗುವವರು ಪ್ರೊಪೇನ್ ತುಂಬಿಸಿಕೊಳ್ಳಬೇಕು. ಅದು -42 ಡಿಗ್ರಿಯಲ್ಲೂ ಅನಿಲವಾಗುತ್ತದೆ, ಬ್ಯೂಟೇನ್ 0 ಡಿಗ್ರಿಯ ಹತ್ತಿರ ಬಂದರೆ ಸಿಲಿಂಡರಿನಲ್ಲೇ ದ್ರವವಾಗಿ ಉಳಿದುಬಿಡುತ್ತದೆ.

ನೀರಿನ ಟ್ಯಾಂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹಳ ದಿನ ನಿಂತ ಟ್ಯಾಂಕಿಗೆ ಪ್ರತಿ ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕದಲ್ಲಿ ಶೇ 5ರ, ಸುಗಂಧ ಬೆರೆಸದ ಬ್ಲೀಚ್ ಹಾಕಿ, ಎಲ್ಲ ನಲ್ಲಿಗಳಲ್ಲೂ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಬೇಕು. ಹಿಮ ಬೀಳುವ ಕಡೆ ನಿಲ್ಲಿಸುವುದಾದರೆ ಪೂರ್ತಿ ಬಸಿಯಬೇಕು, ಏಕೆಂದರೆ ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗಿ ಪೈಪು, ಪಂಪುಗಳನ್ನು ಒಡೆಯುತ್ತದೆ. ಶೌಚದ ಟ್ಯಾಂಕನ್ನು ಮೊದಲು, ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಆಮೇಲೆ ಖಾಲಿ ಮಾಡಿದರೆ ಪೈಪು ತಾನಾಗಿ ತೊಳೆದುಕೊಳ್ಳುತ್ತದೆ. ಖಾಲಿ ಮಾಡುವುದು ಅದಕ್ಕೆಂದು ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ.

ರಸ್ತೆಯಲ್ಲಿ ಹೊಸಬರಿಗೆ ತೊಂದರೆ ಕೊಡುವುದು ಎತ್ತರ ಮತ್ತು ಬಾಲ. ಛಾವಣಿಯ ಏಸಿ, ಆಂಟೆನಾ ಎಲ್ಲ ಸೇರಿಸಿ ಎತ್ತರವನ್ನು ನೀವೇ ಅಳೆದು, ಸ್ಟೀರಿಂಗಿನ ಎದುರು ಕಾಣುವಂತೆ ಬರೆದು ಅಂಟಿಸಿ. ಬಲಕ್ಕೆ ತಿರುಗಿಸಿದಾಗ ಹಿಂಭಾಗ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ಉಜ್ಜಿದ ಗೆರೆಗಳು ಹಿಂಬದಿಯ ಮೂಲೆಯಲ್ಲೇ ಇರುವುದಕ್ಕೆ ಇದೇ ಕಾರಣ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿಯದೆ, ಇಳಿಯುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು.

ಹೊರಡುವ ಗಡಿಬಿಡಿಯಲ್ಲಿ ಮೆಟ್ಟಿಲು ಮಡಚುವುದು, ಛಾವಣಿಯ ಕಿಂಡಿ ಮುಚ್ಚುವುದು, ಸಿಲಿಂಡರಿನ ವಾಲ್ವ್ ತಿರುಗಿಸುವುದು ಮರೆತುಹೋಗುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಕರೆಂಟಿನ ಕೇಬಲ್ ಕೀಳುವುದು. ಕೇಬಲ್ಲಿನ ಜೊತೆ ಸಾಕೆಟ್ಟನ್ನೂ ಗೋಡೆಯ ಒಂದು ಚೂರನ್ನೂ ಎಳೆದುಕೊಂಡು ಬಂದ ವಾಹನಗಳನ್ನು ದುರಸ್ತಿ ಮಾಡಿದ ಮೇಲೆ ನಾನು ನನ್ನ ವಾಹನದಲ್ಲಿ ಒಂದು ಕೆಂಪು ಬಟ್ಟೆಯ ಪಟ್ಟಿ ಇಟ್ಟುಕೊಂಡಿದ್ದೇನೆ. ಕೇಬಲ್ ಜೋಡಿಸಿದ ಕೂಡಲೇ ಅದನ್ನು ಸ್ಟೀರಿಂಗಿಗೆ ಕಟ್ಟುತ್ತೇನೆ, ಕೇಬಲ್ ಸುತ್ತಿ ಪೆಟ್ಟಿಗೆಗೆ ಹಾಕಿ ಬಂದ ಮೇಲೆ ಮಾತ್ರ ಬಿಚ್ಚುತ್ತೇನೆ.